ರಾಗಿಯೊಳಗಿದ್ದ ನಾಲ್ವರು

ಆ ಪತ್ರ ಬಂದದ್ದು ಬೇಸಿಗೆ ರಜೆ ಮುಗಿದು ಶಾಲೆ ತೆರೆದ ವಾರ. ಎಂಬತ್ತರ ದಶಕದ ನಡುವಿನ ಮಾತು. ಹೊಸೂರಿನ ಹತ್ತಿರ, ಬಾಗಲೂರಿನ ಕಡೆ ನಾನು ಓದಿದ ಶಾಲೆಯಲ್ಲೇ ನನಗೆ ಟೀಚರ್ ಕೆಲಸ ಸಿಕ್ಕಿ ಮೂರು ವರ್ಷವಾಗಿತ್ತು. ಹೆಡ್‌ಮಾಸ್ಟರು ಧರ್ಮಪುರಿಯ ತಮಿಳರು. ಕನ್ನಡ ಮಾಧ್ಯಮದ ಟೀಚರುಗಳಾದ ನಮ್ಮ ಹತ್ತಿರ ಎರಡು ಭಾಷೆ ಕಲಸಿ ಮಾತಾಡುತ್ತಿದ್ದರು. ಅವರು ಒಂದು ಉದ್ದ ಕವರನ್ನು ಎರಡು ಬೆರಳಲ್ಲಿ ಹಿಡಿದು ತಂದು ನನ್ನ ಮೇಜಿನ ಮೇಲಿಟ್ಟರು.

"ಟೀಚರ್, ಫಾರಿನ್ ಲೆಟರ್. ಕೊಂಜಂ ನೋಡಿ ಹೇಳಿ. ಏನೋ ವಾಪಸ್ ಕೊಡಲಿಲ್ಲ ಅಂತ ಬರೆದಿದ್ದಾರೆ. ಆಡಿಟ್‌ನಲ್ಲಿ ಪ್ರಾಬ್ಲಮ್ ಬರುತ್ತಾ?"

ಟೈಪ್ ಮಾಡಿದ ಒಂದೂವರೆ ಪುಟದ ಪತ್ರ. ಬರೆದವರು ಇಂಗ್ಲೆಂಡಿನ ಯಾವುದೋ ಸಣ್ಣ ಊರಿನಲ್ಲಿ ಬಸ್ ಡ್ರೈವರ್. ಹರೆಯದಿಂದ ಅವರಿಗೆ ಪ್ರಿಯವಾದ ಒಂದು ರಾಕ್ ತಂಡವಿತ್ತು, ನಾಲ್ಕು ಜನರದ್ದು. ತಂಡ ದೊಡ್ಡ ಹೆಸರು ಮಾಡುವ ಮೊದಲು ಅಲ್ಲಿನ ಟೆಲಿವಿಷನ್‌ನಲ್ಲಿ ಒಮ್ಮೆ ನುಡಿಸಿತ್ತು. ಆ ಕಾಲದಲ್ಲಿ ಟೇಪು ದುಬಾರಿ ಎಂದು ಒಂದು ಕಾರ್ಯಕ್ರಮವನ್ನು ಅಳಿಸಿ ಅದೇ ಟೇಪಿನ ಮೇಲೆ ಇನ್ನೊಂದನ್ನು ಹಿಡಿಯುತ್ತಿದ್ದರಂತೆ. ಇದೂ ಹಾಗೆ ಅಳಿದುಹೋಗಿತ್ತು. ಆದರೆ ಅದಕ್ಕೂ ಮುಂಚೆ ಹೊರದೇಶಗಳಿಗೆ ಕಳಿಸಲೆಂದು ಸಿನಿಮಾ ರೀಲಿನ ಮೇಲೆ ಕೆಲವು ಪ್ರತಿ ತೆಗೆದಿದ್ದರು. ಅವುಗಳಲ್ಲಿ ಒಂದು ಬೆಂಗಳೂರಿನ ಒಂದು ವಿದೇಶಿ ಗ್ರಂಥಾಲಯಕ್ಕೆ ಬಂದಿತ್ತು. ಆ ಗ್ರಂಥಾಲಯದ ಹಳೆಯ ರಿಜಿಸ್ಟರಿನಲ್ಲಿ ಅದನ್ನು ಕಡೆಯದಾಗಿ ಎರವಲು ಪಡೆದದ್ದು ನಮ್ಮ ಶಾಲೆ. ಪಕ್ಕದಲ್ಲಿ, ಬಸ್ಸಿನಲ್ಲಿ ಕಳೆದುಹೋಗಿದೆ ಎಂಬ ಷರಾ.

ಪತ್ರದ ಕೊನೆಯ ಸಾಲುಗಳನ್ನು ನಾನು ಎರಡು ಸಲ ಓದಿದೆ. ನಾನು ಬಸ್ಸಿನವನು, ಬಸ್ಸಿನಲ್ಲಿ ಕಳೆದ ವಸ್ತು ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ ಎಂಬುದು ನನ್ನ ಅನುಭವ, ದಯವಿಟ್ಟು ಒಮ್ಮೆ ಹುಡುಕಿ ನೋಡುತ್ತೀರಾ ಎಂದು ಬರೆದಿದ್ದರು.

"ಯಾರೂ ದಂಡ ಕೇಳ್ತಿಲ್ಲ ಸರ್. ಇದೆಯಾ ಅಂತ ಕೇಳಿದ್ದಾರೆ, ಅಷ್ಟೆ" ಎಂದೆ. ಹೆಡ್‌ಮಾಸ್ಟರು ನಿರಾಳವಾಗಿ ಟೀ ತರಿಸಿದರು.

ನಾನು ಟೀ ಕುಡಿಯಲಿಲ್ಲ. ಆ ಸಿನಿಮಾವನ್ನು ನಾನು ನೋಡಿದ್ದೆ.

ಎಪ್ಪತ್ತರ ದಶಕದ ಶುರುವಿನಲ್ಲಿ ನಾನು ಏಳನೇ ಕ್ಲಾಸು. ನಮ್ಮ ವಿಜ್ಞಾನದ ಮೇಷ್ಟ್ರು ಬೆಂಗಳೂರಿಗೆ ಹೋಗಿ ಆ ಗ್ರಂಥಾಲಯದಿಂದ ರೀಲುಗಳನ್ನು ತಂದು ಶಾಲೆಯ ಪ್ರೊಜೆಕ್ಟರಿನಲ್ಲಿ ತೋರಿಸುತ್ತಿದ್ದರು. ಸೊಳ್ಳೆ ಹುಟ್ಟುವುದು, ರಕ್ತ ಹರಿಯುವುದು, ಹೀಗೆ. ಆ ಸಲ ಶಬ್ದದ ಪಾಠ ನಡೆದಿತ್ತು. ಶಬ್ದದ ಮೇಲೆ ಏನಾದರೂ ಕೊಡಿ ಎಂದು ಮೇಷ್ಟ್ರು ಕೇಳಿದರಂತೆ. ಅಲ್ಲಿನ ಗುಮಾಸ್ತ ಹೆಸರಿನಲ್ಲಿ ಸೌಂಡ್ ಎಂಬ ಪದ ಇದ್ದ ರೀಲನ್ನು ಹುಡುಕಿ ಕೊಟ್ಟಿದ್ದ. ಗೋಡೆಗೆ ಪಂಚೆ ಕಟ್ಟಿ, ಕಿಟಕಿಗಳಿಗೆ ಗೋಣಿಚೀಲ ಹೊದಿಸಿ, ಎಪ್ಪತ್ತು ಮಕ್ಕಳನ್ನು ನೆಲದ ಮೇಲೆ ಕೂರಿಸಿ ಮೇಷ್ಟ್ರು ಪ್ರೊಜೆಕ್ಟರಿನ ದೀಪ ಹಾಕಿದರು.

ಉದ್ದ ಕೂದಲಿನ ನಾಲ್ಕು ಜನ ಗಂಡಸರು ಕಾಣಿಸಿಕೊಂಡರು. ಒಬ್ಬ ಕಣ್ಣು ಮುಚ್ಚಿ ಹಾಡತೊಡಗಿದ. ನಾವು ಅಂಥ ದನಿ ಕೇಳಿರಲಿಲ್ಲ; ಅಳುವೋ ಕೋಪವೋ ಸಂತೋಷವೋ ಹೇಳಲಾಗದಂಥ ದನಿ. ಗಿಟಾರುಗಳು ಗರಗಸದ ಹಾಗೆ ಕೊಯ್ಯುತ್ತಿದ್ದವು. ಹಿಂದೆ ಕೂತು ಡ್ರಮ್ ಬಾರಿಸುವವನ ಕೈಗಳೇ ಕಾಣಿಸುತ್ತಿರಲಿಲ್ಲ, ಅವು ಇರುವ ಜಾಗದಲ್ಲಿ ಬರೀ ಹೊಗೆ. ನಗಲು ತಯಾರಾಗಿ ಬಂದಿದ್ದ ಹುಡುಗರು ಕೂಡ ನಗಲಿಲ್ಲ. ಮೇಷ್ಟ್ರು ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ನಮ್ಮನ್ನು ಸಾಲಾಗಿ ಎಬ್ಬಿಸಿ, ಸ್ಪೀಕರ್ ಪೆಟ್ಟಿಗೆಯ ಮೇಲೆ ಒಬ್ಬೊಬ್ಬರ ಅಂಗೈ ಇರಿಸಿ, "ನಡುಗ್ತಾ ಅದಾ? ಅದೇ ಕಣ್ರಪ್ಪ ಶಬ್ದ" ಎಂದರು. ಆ ನಡುಕ ಮೊಣಕೈವರೆಗೂ ಬಂದದ್ದು ನನಗೆ ಈಗಲೂ ನೆನಪಿದೆ. ಎಷ್ಟೋ ದಿನ ನಾವು ಅದನ್ನು ಕೂದಲಿನ ಪಿಚ್ಚರ್ ಎಂದು ಕರೆದೆವು. ಅವರು ಯಾರು, ಎಲ್ಲಿಯವರು ಎಂದು ಯಾರೂ ಕೇಳಲಿಲ್ಲ.

ಹಾಗಾಗಿ ಆ ಭಾನುವಾರ ನಾನು ಮೇಷ್ಟ್ರನ್ನು ಹುಡುಕಿಕೊಂಡು ಹೊಸೂರಿನ ಆಲಸನತ್ತಂಗೆ ಹೋದೆ. ಅವರು ನಿವೃತ್ತರಾಗಿ ಅಲ್ಲಿ ಹೆಂಡತಿಯ ಜೊತೆ ಹಂಚಿನ ಮನೆಯಲ್ಲಿದ್ದರು. ಮನೆಯ ಸುತ್ತ ಆಗಷ್ಟೇ ತಾರಸಿ ಮನೆಗಳು ಏಳುತ್ತಿದ್ದವು. ನಾನು ಪತ್ರವನ್ನು ಓದಿ ಕನ್ನಡದಲ್ಲಿ ಹೇಳಿದೆ. ಮೇಷ್ಟ್ರು ಸುಮ್ಮನೆ ಕೇಳುತ್ತಿದ್ದರು. ಬರೆದವರು ಬಸ್ ಡ್ರೈವರ್ ಎಂದಾಗ ಮಾತ್ರ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಲು ಶುರುಮಾಡಿದರು. ಬಹಳ ಹೊತ್ತು ಒರೆಸಿದರು.

"ಬಸ್ಸಲ್ಲಿ ಕಳೀಲಿಲ್ಲ ಕಣಮ್ಮ" ಎಂದರು. "ಕಳೆದೋಯ್ತು ಅಂತ ನಾನೇ ಬರೆದ್ಬುಟ್ಟೆ. ಬಸ್ಸಿನೋರ ಮೇಲೆ ಹಾಕ್ದೆ."

ಅವರು ಶಾಲೆಯ ಒಂದು ಸೀಮೆಸುಣ್ಣದ ತುಂಡನ್ನೂ ಮನೆಗೆ ಒಯ್ಯದ ಮನುಷ್ಯ.

"ಯಾಕೆ ಮೇಷ್ಟ್ರೇ?"

"ಮುಂದಿನ್ ವರ್ಷಾನೂ ಶಬ್ದದ ಪಾಠ ಇತ್ತಲ್ಲ, ಅದ್ಕೆ ಅಂತ ಆಗ ಅಂದ್ಕೊಂಡೆ. ಅದು ಸುಳ್ಳು." ಕನ್ನಡಕ ಹಾಕಿಕೊಂಡು ಹೇಳಿದರು: "ಆ ಡ್ರಮ್ಮಿನೋನು ಇದ್ನಲ್ಲ, ಮಧ್ಯದಲ್ಲಿ ಅವನ್ ಕೈಲಿದ್ದ ಕೋಲು ಹಾರಿ ಹೋಯ್ತದೆ. ಅವ್ನು ನಿಲ್ಸಲ್ಲ. ಒಂದೇ ಕೈಲಿ ಬಾರಿಸ್ಕೊಂಡು, ನಕ್ಕೊಂಡು, ಇನ್ನೊಂದು ಕೋಲು ಎತ್ಕೊಂತಾನೆ. ಮಾಡೋ ಕೆಲಸದಲ್ಲಿ ಅಷ್ಟು ಖುಷಿ ಇರೋನ್ನ ನಾನು ನೋಡೇ ಇರಲಿಲ್ಲ. ವಾಪಸ್ ಕೊಡೋಕೆ ಮನಸ್ಸು ಬರ್ಲಿಲ್ಲ."

ಮರುವರ್ಷ ಆ ಪಾಠ ಬರುವ ಮೊದಲೇ ಶಾಲೆಯ ಪ್ರೊಜೆಕ್ಟರ್ ಸುಟ್ಟುಹೋಗಿತ್ತು. ಅದನ್ನು ಕೃಷ್ಣಗಿರಿಯ ಉಗ್ರಾಣಕ್ಕೆ ಕಳಿಸಿದರು, ಅದು ತಿರುಗಿ ಬರಲಿಲ್ಲ. ಅಂದರೆ ಮೇಷ್ಟ್ರು ರೀಲನ್ನು ಇಟ್ಟುಕೊಂಡ ಮೇಲೆ ಒಂದು ಸಲವೂ ನೋಡಿರಲಿಲ್ಲ.

"ಈಗ ಎಲ್ಲದೆ ಅದು?"

ಉತ್ತರ ಕೊಟ್ಟದ್ದು ಅವರ ಹೆಂಡತಿ. "ಆ ತಗಡಿನ ಡಬ್ಬೀನಾ? ರಾಗಿ ವಾಡೇಲಿ ಅದೆ ಬಾರವ್ವ."

ಅಡಿಗೆಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಧಾನ್ಯ ತುಂಬುವ ಆಳೆತ್ತರದ ಮಣ್ಣಿನ ವಾಡೆ ಇತ್ತು. ಅವರು ಸ್ಟೂಲಿನ ಮೇಲೆ ಹತ್ತಿ, ಭುಜದವರೆಗೆ ಕೈ ಇಳಿಸಿ, ತಡಕಿ, ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಬಿಗಿದ ಒಂದು ಚಪ್ಪಟೆ ಡಬ್ಬಿಯನ್ನು ಮೇಲೆತ್ತಿದರು. ರಾಗಿ ಸರಸರ ಉದುರಿತು.

"ಬೀರೂಲಿ ಇಟ್ರೆ ತುಕ್ಕು ಹಿಡೀತದೆ, ರಾಗೀಲಿ ಏನೂ ಕೆಡಲ್ಲ ಅಂತ ನಾನೇ ಮಡಗ್ದೆ. ವರ್ಷಾ ವರ್ಷಾ ಹೊಸ ರಾಗಿ ತುಂಬ್ವಾಗ ತೆಗೆದು ಒರೆಸಿ ಇಡ್ತೀನಿ. ಒಳಗೇನದೆ ಅಂತ ನಾನು ಕೇಳಿಲ್ಲ. ಏನೋ ಇಸ್ಕೂಲಿನ ಕಾಗದ ಅಂದ್ಕೊಂಡಿದ್ದೆ."

ಅಂಗಳದಲ್ಲಿ ಡಬ್ಬಿ ತೆರೆದೆವು. ಮೇಷ್ಟ್ರು ರೀಲಿನ ತುದಿಯನ್ನು ಎರಡು ಮೊಳ ಬಿಚ್ಚಿ ಬಿಸಿಲಿಗೆ ಹಿಡಿದರು. ಉಗುರಿನಷ್ಟು ಚೌಕಗಳೊಳಗೆ ನಾಲ್ಕು ಜನ ನಿಂತಿದ್ದರು. ತಯಾರಿಸಿದ ದೇಶದಲ್ಲೇ ಅಳಿದುಹೋದದ್ದು, ಸಮುದ್ರದಾಚೆ ಒಬ್ಬರು ವರ್ಷಗಟ್ಟಲೆ ಹುಡುಕುತ್ತಿರುವುದು, ಹೊಸೂರಿನ ಒಂದು ವಾಡೆಯಲ್ಲಿ ಕೆಡದೆ ಇತ್ತು.

ನಾನು ಉತ್ತರ ಬರೆದೆ. ಬಸ್ಸಿನ ವಿಷಯದಲ್ಲಿ ಮೇಷ್ಟ್ರು ಹೇಳಿದ್ದನ್ನು ಬರೆಯಲಿಲ್ಲ. ಅದನ್ನು ಅವರೇ ಹೇಳುತ್ತೇನೆಂದಿದ್ದರು. ತಿಂಗಳೊಳಗೆ ಮರುಪತ್ರ ಬಂತು: ದಯವಿಟ್ಟು ಅಂಚೆಗೆ ಹಾಕಬೇಡಿ, ಪ್ರೊಜೆಕ್ಟರಿಗೂ ಹಾಕಬೇಡಿ, ಡಿಸೆಂಬರಿನಲ್ಲಿ ರಜೆ ಹಾಕಿ ನಾನೇ ಬರುತ್ತೇನೆ.

ಪ್ರೊಜೆಕ್ಟರ್ ಹುಡುಕಿದ್ದು ನನ್ನ ತಮ್ಮ. ಅವನು ದಿನಾ ಸೈಕಲ್ಲಿನಲ್ಲಿ ಮೂಕಂಡಪಲ್ಲಿಯ ಒಂದು ಕಾರ್ಖಾನೆಗೆ ಹೋಗಿಬರುತ್ತಿದ್ದ. "ನಮ್ ಟ್ರೈನಿಂಗ್ ಹಾಲಲ್ಲಿ ಒಂದದೆ ಅಕ್ಕ. ಮಿಷನ್ನಿಗೆ ಕೈ ಕೊಡಬ್ಯಾಡಿ ಅಂತ ಸೇಫ್ಟಿ ಪಿಚ್ಚರ್ ತೋರಿಸ್ತಾರೆ. ಫೋರ್‌ಮನ್ನ ಕೇಳ್ತೀನಿ ಬುಡು" ಎಂದ. ಫೋರ್‌ಮನ್ ಒಪ್ಪಿದರು; ಭಾನುವಾರ, ಊಟದ ಹೊತ್ತಿಗೆ ಮುಗಿಸಬೇಕು ಎಂದರು.

ಡಿಸೆಂಬರಿನಲ್ಲಿ ಇಂಗ್ಲೆಂಡಿನ ಡ್ರೈವರ್ ಬೆಂಗಳೂರಿನಿಂದ ಬಸ್ಸಿನಲ್ಲೇ ಬಂದಿಳಿದರು. ನಲವತ್ತರ ಆಸುಪಾಸು, ಕೆಂಪು ಮುಖ, ಮೆತ್ತಗಿನ ದನಿ. ದಾರಿಯುದ್ದಕ್ಕೂ ನಿಮ್ಮ ಬಸ್ಸಿನ ಡ್ರೈವರನ್ನೇ ನೋಡುತ್ತಾ ಬಂದೆ, ಅವರ ಮುಂದೆ ನಾನು ಏನೂ ಅಲ್ಲ ಎಂದರು. ಮೇಷ್ಟ್ರ ಮನೆಯ ಜಗಲಿಯಲ್ಲಿ ಕೂತ ಕೂಡಲೇ ಮೇಷ್ಟ್ರು ನನ್ನ ಕಡೆ ತಿರುಗಿದರು.

"ಮೊದ್ಲು ಅದನ್ನ ಹೇಳಮ್ಮ ಅವ್ರಿಗೆ. ಬಸ್ಸಲ್ಲಿ ಕಳೀತು ಅಂದಿದ್ದು ಸುಳ್ಳು, ನಾನು ಕದ್ದಿದ್ದು ಅಂತ. ಕದ್ದಿದ್ದು ಅಂತಲೇ ಹೇಳು."

ನಾನು ಹೇಳಿದೆ. ಡ್ರೈವರ್ ಲೋಟ ಕೆಳಗಿಟ್ಟು ಮೇಷ್ಟ್ರನ್ನು ನೋಡಿದರು. ಆಮೇಲೆ ನಿಧಾನವಾಗಿ, ನನಗೆ ಒಂದು ಮಾತೂ ತಪ್ಪದ ಹಾಗೆ ಹೇಳಿದರು. ಆ ಗ್ರಂಥಾಲಯ ಎಷ್ಟೋ ವರ್ಷದ ಹಿಂದೆ ಹಳೆಯ ರೀಲುಗಳನ್ನೆಲ್ಲ ಜಾಗವಿಲ್ಲವೆಂದು ಎಸೆದುಬಿಟ್ಟಿದೆ. ಬೇರೆ ದೇಶಗಳಿಗೆ ಹೋದ ಪ್ರತಿಗಳನ್ನೂ ಒಂದೊಂದಾಗಿ ಹುಡುಕಿದ್ದಾಯಿತು, ಯಾವುದೂ ಉಳಿದಿಲ್ಲ. ಇವರು ಪ್ರಾಮಾಣಿಕವಾಗಿ ವಾಪಸ್ ಕೊಟ್ಟಿದ್ದರೆ ಇದೂ ಹೋಗುತ್ತಿತ್ತು.

ಅದನ್ನು ಕನ್ನಡದಲ್ಲಿ ಹೇಳಿದೆ. ಮೇಷ್ಟ್ರು ಎದ್ದು ಒಳಗೆ ಹೋಗಿ ಡಬ್ಬಿ ತಂದು ಅವರ ತೊಡೆಯ ಮೇಲೆ ಇಟ್ಟರು.

ಭಾನುವಾರ ಬೆಳಗ್ಗೆಯೆಲ್ಲ ಡ್ರೈವರ್ ಟ್ರೈನಿಂಗ್ ಹಾಲಿನಲ್ಲಿ ಕೂತು, ಬಿಳಿ ಹತ್ತಿಯ ಕೈಗವಸು ತೊಟ್ಟು, ಇಡೀ ರೀಲನ್ನು ಬೆರಳ ನಡುವೆ ಹಾಯಿಸಿ ನೋಡಿದರು. ಅಂಚಿನ ತೂತು ಹರಿದಿದೆಯೇ, ಅಂಟು ಬಿಟ್ಟಿದೆಯೇ ಎಂದು ಮೊಳ ಮೊಳಕ್ಕೂ ನಿಲ್ಲಿಸಿ, ಮೆತ್ತನೆ ಬಟ್ಟೆಯಿಂದ ಒರೆಸುತ್ತಿದ್ದರು. ಎರಡು ಕಡೆ ರಾಗಿ ಕಾಳು ಸಿಕ್ಕಿತು. ಅದನ್ನು ಎಸೆಯದೆ ಜೇಬಿಗೆ ಹಾಕಿಕೊಂಡರು.

ಹನ್ನೊಂದರ ಹೊತ್ತಿಗೆ ಹಾಲಿನಲ್ಲಿ ನಾವು ಐದಾರು ಜನ, ಜೊತೆಗೆ ಸುದ್ದಿ ಕೇಳಿ ಬಂದ ಹತ್ತಿಪ್ಪತ್ತು ಕಾರ್ಮಿಕರು. ಮೇಷ್ಟ್ರ ಹೆಂಡತಿ ರೇಷ್ಮೆ ಸೀರೆ ಉಟ್ಟು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಫೋರ್‌ಮನ್ ಪ್ರೊಜೆಕ್ಟರ್ ಹಾಕಿದರು.

ನಾನು ಹೆದರಿದ್ದೆ. ಹನ್ನೆರಡರ ವಯಸ್ಸಿನಲ್ಲಿ ದೊಡ್ಡದಾಗಿ ಕಂಡದ್ದು ಈಗ ಸಣ್ಣದಾಗಿ ಕಂಡೀತು ಎಂದು. ಹಾಗಾಗಲಿಲ್ಲ. ಆ ದನಿ ಎದ್ದಾಗ ಹಾಲಿನ ತಗಡಿನ ಮಾಡು ಗುಂಯ್ಗುಟ್ಟಿತು, ಸಾಲಿನ ಕೊನೆಯಲ್ಲಿ ಪಿಸುಗುಡುತ್ತಿದ್ದವರು ಸುಮ್ಮನಾದರು. ಈಗ ನನಗೆ ಇಂಗ್ಲಿಷ್ ಬರುತ್ತಿತ್ತು, ಹಾಡಿನ ಮಾತು ಮಾತ್ರ ಅಷ್ಟಾಗಿ ತಿಳಿಯಲಿಲ್ಲ, ತಿಳಿಯಬೇಕೆಂದೂ ಅನಿಸಲಿಲ್ಲ. ಅವರು ನಾಲ್ವರೂ ಎಷ್ಟು ಚಿಕ್ಕವರು ಎಂಬುದು ಮಾತ್ರ ಈಗ ಕಂಡಿತು. ನನ್ನ ತಮ್ಮನ ವಯಸ್ಸಿನವರು.

ಮೇಷ್ಟ್ರ ಹೆಂಡತಿ ಗಂಡನ ಕಡೆ ಬಾಗಿದರು. "ಇಷ್ಟು ಜನಾನೂ ನನ್ ರಾಗಿಯೊಳಗಿದ್ರಾ" ಎಂದರು.

ಮೇಷ್ಟ್ರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಎರಡನೇ ಹಾಡಿನ ನಡುವೆ ಡ್ರಮ್ಮಿನವನ ಕೋಲು ಹಾರಿತು. ಅವನು ನಕ್ಕ. ಮೇಷ್ಟ್ರೂ ನಕ್ಕರು, ಅವನಿಗಿಂತ ಒಂದು ಗಳಿಗೆ ಮುಂಚೆ.

ಎರಡನೇ ಹಾಡು ಮುಗಿಯಿತು. ಡ್ರೈವರ್ ಕಣ್ಣೊರೆಸಿಕೊಂಡು ಎದ್ದರು. ಟೆಲಿವಿಷನ್ ನಿಲಯದಲ್ಲಿ ಉಳಿದ ಕಾಗದಗಳಲ್ಲಿ ಎರಡೇ ಹಾಡಿನ ನಮೂದಿತ್ತು, ಕಾರ್ಯಕ್ರಮ ಇಷ್ಟೇ ಎಂದು ಅವರು ತಿಳಿದಿದ್ದರು. ಅವರು ಫೋರ್‌ಮನ್ ಕಡೆ ತಿರುಗಿ ನಿಲ್ಲಿಸಿ ಎಂದು ಕೈ ಎತ್ತಿದರು. ಅಷ್ಟರಲ್ಲಿ ಹಾಡುವವನು ಪರದೆಯ ಮೇಲೆ ಏನೋ ಒಂದು ಮಾತು ಹೇಳಿ, ಗಿಟಾರಿನ ತಂತಿ ಮೀಟಿದ.

ಮೂರನೆಯ ಹಾಡೊಂದಿತ್ತು. ಮೆಲ್ಲಗಿನದು, ಡ್ರಮ್ಮಿನವನು ಬೆರಳಿನಿಂದ ತಟ್ಟುತ್ತಿದ್ದ. ಡ್ರೈವರ್ ಎತ್ತಿದ ಕೈಯನ್ನು ಇಳಿಸಲು ಮರೆತರು. ಹಾಡು ಮುಗಿಯುವವರೆಗೂ ಪ್ರೊಜೆಕ್ಟರಿನ ಬೆಳಕಿನ ಪಕ್ಕದಲ್ಲಿ ಹಾಗೆಯೇ ನಿಂತಿದ್ದರು. ದೀಪ ಹಾಕಿದ ಮೇಲೆ ನನ್ನ ಹತ್ತಿರ ಬಂದು ಹೇಳಿದರು: ಅವರ ಎಲ್ಲ ಹಾಡೂ ನನಗೆ ಬಾಯಿಪಾಠ, ಇದನ್ನು ನಾನು ಕೇಳಿಯೇ ಇಲ್ಲ, ಇದು ಯಾವ ರೆಕಾರ್ಡಿನಲ್ಲೂ ಇಲ್ಲ.

ನಾನು ಅದನ್ನು ಎಲ್ಲರಿಗೂ ಹೇಳಿದೆ. ಎಣ್ಣೆಮಸಿಯ ಕೈಯ ಒಬ್ಬ ಕಾರ್ಮಿಕ ತಮಿಳಿನಲ್ಲಿ ಪಕ್ಕದವನಿಗೆ ಹೇಳಿದ, ಅವನು ತೆಲುಗಿನಲ್ಲಿ ಇನ್ನೊಬ್ಬನಿಗೆ. ಯಾರೂ ಏಳಲಿಲ್ಲ. ಊಟದ ಹೊತ್ತಾದರೂ ಫೋರ್‌ಮನ್ ಏನನ್ನೂ ಕೇಳದೆ ರೀಲನ್ನು ಹಿಂದಕ್ಕೆ ಸುತ್ತಿ, ಆ ಕಡೆಯ ಹಾಡನ್ನು ಇನ್ನೊಮ್ಮೆ ಹಾಕಿದರು.

ಡಬ್ಬಿಯನ್ನು ಡ್ರೈವರ್ ತೊಡೆಯ ಮೇಲಿಟ್ಟುಕೊಂಡು ತಮ್ಮ ದೇಶಕ್ಕೆ ಒಯ್ದರು. ಹೋಗುವ ಮುಂಚೆ ಹೆಡ್‌ಮಾಸ್ಟರು ಶಾಲೆಯ ಪುಸ್ತಕದಲ್ಲಿ ಅವರಿಂದ ಸಹಿ ಮಾಡಿಸಿಕೊಂಡರು. ಆಡಿಟ್ ಬಂದರೆ ತೋರಿಸಲು.

ಮುಂದಿನ ಬೇಸಿಗೆಯಲ್ಲಿ ಅವರ ಪತ್ರ ಬಂತು. ಬರುವ ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಆ ಕಾರ್ಯಕ್ರಮವನ್ನು ಅವರ ದೇಶದ ಟೆಲಿವಿಷನ್‌ನಲ್ಲಿ ಮತ್ತೆ ತೋರಿಸುತ್ತಾರೆ, ಮೂರೂ ಹಾಡು. ನಾನು ಲೆಕ್ಕ ಹಾಕಿದೆ: ಬೇಸಿಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಹಾಗಾಗಿ ಅವರ ಒಂದು ಗಂಟೆ ನಮಗೆ ಸಂಜೆ ಐದೂವರೆ.

ಆ ಶನಿವಾರ ನಾನು ಆಲಸನತ್ತಂಗೆ ಹೋದೆ. ಅಲ್ಲಿನದನ್ನು ಇಲ್ಲಿ ನೋಡುವ ಹಾಗಿರಲಿಲ್ಲ, ಆದರೂ ಮೂವರೂ ಜಗಲಿಯಲ್ಲಿ ಸಾಲಾಗಿ ಕೂತೆವು. ಎದುರಿನ ಹೊಸ ಮನೆಯ ತಾರಸಿಗೆ ಜಲ್ಲಿ ಹೊರುತ್ತಿದ್ದ ಹೆಂಗಸರು ಕೆಲಸ ಮುಗಿಸಿ ಕಾಲು ತೊಳೆಯುತ್ತಿದ್ದರು.

"ಈಗ ಸುರು ಆಗಿರ್ತದಾ?" ಎಂದು ಮೇಷ್ಟ್ರ ಹೆಂಡತಿ ಕೇಳಿದರು.

ಮೇಷ್ಟ್ರು ಕೈಗಡಿಯಾರ ನೋಡಿಕೊಂಡರು. "ಇನ್ನೊಂದು ನಿಮಿಷ ಅದೆ" ಎಂದರು.

ನಾವು ಕಾದೆವು. ಆಮೇಲೆ ಅವರು, ಶುರುವಾಯಿತು ಎಂಬಂತೆ, ತಲೆಯಾಡಿಸಿದರು. ಮೂರು ಹಾಡಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬೀದಿ ನೋಡುತ್ತಾ ಕೂತಿದ್ದೆವು.