ಮೂರನೆಯ ಡಬ್ಬಿ

ಸಹನಾ, ನಿನ್ನ ಕೋಣೆಗೆ ವೈಫೈಯ ಮೂರನೆಯ ಡಬ್ಬಿ ಬೇಕೆಂದು ನನಗೆ ಗೊತ್ತಿತ್ತು. ಮೊದಲ ದಿನವೇ ಗೊತ್ತಿತ್ತು. ಅದು ನನ್ನ ಚೀಲದಲ್ಲೇ ಇತ್ತು. ಗೊತ್ತಿದ್ದೂ ಬೇಡವೆಂದೆ — ನಿಮ್ಮಪ್ಪನ ಮೇಲಿನ ಸೇಡಿಗೆ. ಆಮೇಲೆ ನಿನ್ನ ಮೊಬೈಲಿನದೇ ತೊಂದರೆ ಎಂದೆನಲ್ಲ, ಅದು ಹಸಿ ಸುಳ್ಳು. ಸಾಗರದ ಹುಡುಗ ನಿನ್ನಿಂದ ದೂರವಾದದ್ದು ನಿನ್ನ ತಪ್ಪಿನಿಂದಲ್ಲ, ನನ್ನಿಂದ.

ಇದನ್ನು ಬಾಯಲ್ಲಿ ಹೇಳುವುದಾಗಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಸಲ ಮಾತು ತಿರುಗಿಸಿರುತ್ತಿದ್ದೆ. ನಿನಗೆ ಕಿವಿ ಕೇಳಿಸುವುದಿಲ್ಲ, ನಿನ್ನ ಕೈಮಾತು ನನಗೆ ಬರುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಬರೆದು ಕೊಟ್ಟಮೇಲೆ, ನಾನು ಹಾಗೆ ಹೇಳಲೇ ಇಲ್ಲ ಎನ್ನಲು ಬರುವುದಿಲ್ಲ. ಒಳ್ಳೆಯದೇ ಆಯಿತು.

ಸೇಡು ಎಂದೆ. ಯಾವುದರ ಸೇಡು ಎಂದು ನಿನಗೆ ತಿಳಿಯಬೇಕು. ನೀನಾಗ ತೊಟ್ಟಿಲಲ್ಲಿದ್ದೆ. ತೀರ್ಥಹಳ್ಳಿಯ ಬಸ್ ಸ್ಟ್ಯಾಂಡಿನ ಹಿಂದೆ ನನ್ನಪ್ಪನ ರೇಡಿಯೋ, ಟಿವಿ ರಿಪೇರಿ ಅಂಗಡಿ ಇತ್ತು — ಈಗ ನಾನು ಕೂರುವುದೂ ಅದೇ ಅಂಗಡಿಯಲ್ಲೇ. ಕಾಲೇಜು ಬಿಟ್ಟೊಡನೆ ಅಲ್ಲಿಗೆ ಓಡುತ್ತಿದ್ದೆ. ಕಾದ ಕಡ್ಡಿ ಹಿಡಿದು ಬೆಸುಗೆ ಹಾಕುವುದು ನನಗೆ ರಂಗೋಲಿ ಹಾಕುವುದಕ್ಕಿಂತ ಚೆನ್ನಾಗಿ ಬರುತ್ತಿತ್ತು. ಬಂದವರು ನಗುತ್ತಿದ್ದರು, ನನಗೆ ಅದೂ ಹೆಮ್ಮೆಯೇ.

ಹೊಸನಗರದ ಕಡೆಯಿಂದ ಒಂದು ಸಂಬಂಧ ಬಂತು. ಬಂದರು, ನೋಡಿದರು, ಒಪ್ಪಿದ ಹಾಗೇ ಮಾತಾಡಿ ಎದ್ದರು. ಆದರೆ ನಮ್ಮ ಕಡೆ ಹೆಣ್ಣು ನೋಡಿದವರು ನೆಟ್ಟಗೆ ಮನೆಗೆ ಹೋಗುವುದುಂಟೇ? ಊರಲ್ಲಿ ನಾಲ್ಕು ಜನ ಗೌರವ ಕೊಡುವ ಒಬ್ಬರನ್ನು ಹುಡುಕಿ, ಹುಡುಗಿ ಹೇಗೆ, ಮನೆಯವರು ಹೇಗೆ ಎಂದು ವಿಚಾರಿಸಿಯೇ ಹೋಗುವುದು. ಅವರು ಹೋದದ್ದು ನಿಮ್ಮಪ್ಪನ ಜಗಲಿಗೆ. ಹೈಸ್ಕೂಲಿನ ಹೆಡ್‌ಮಾಸ್ಟರು, ನನಗೇ ಮೂರು ವರ್ಷ ಪಾಠ ಹೇಳಿದವರು. ಅವರ ಮಾತೆಂದರೆ ಸರ್ಟಿಫಿಕೇಟು. ಮೇಷ್ಟ್ರು ಕಾಫಿ ಕೊಟ್ಟು ಹೇಳಿದರಂತೆ:

"ಹುಡುಗಿ ಒಳ್ಳೇಳೇ. ಆದ್ರೆ ರಿಪೇರಿ ಅಂಗಡೀಲಿ ಗಂಡಸ್ರ ಮಧ್ಯೆ ಕೂತು ಬೆಳೆದೋಳು. ನೀವೇ ಯೋಚ್ನೆ ಮಾಡಿ."

ಅಷ್ಟೇ. ಬೈಗುಳವಲ್ಲ, ಸುಳ್ಳೂ ಅಲ್ಲ. ಹಾಗಾಗಿಯೇ ಅದನ್ನು ಅಲ್ಲಗಳೆಯಲು ಬರಲಿಲ್ಲ. ಹುಡುಗನ ಅತ್ತೆಯೊಬ್ಬಳು ನನ್ನಮ್ಮನಿಗೆ ಈ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿ ಹೋದಳು. ಆಮೇಲೆ ಬಂದ ಎರಡು ಸಂಬಂಧಗಳೂ ಅದೇ ಜಗಲಿಯವರೆಗೆ ಹೋಗಿ ಮಾಯವಾದವು. ಆ ಹುಡುಗರ ಮುಖ ನನಗೆ ನೆನಪಿಲ್ಲ, ಮದುವೆಯಾಗದ್ದಕ್ಕೆ ಈಗ ದುಃಖವೂ ಇಲ್ಲ — ಆದರೆ ಅಮ್ಮ ಸಾಯುವವರೆಗೂ ನನ್ನ ಕೈ ನೋಡಿದಾಗಲೆಲ್ಲ ಮುಖ ತಿರುಗಿಸಿದಳು. ಆ ಕೈಯೇ ನನ್ನ ಬಾಳು ಕೆಡಿಸಿತು ಎಂದು ಅವಳು ನಂಬಿದ್ದಳು. ಇದನ್ನು ನಾನು ಮರೆಯಲಿಲ್ಲ. ಮರೆಯುವ ಜಾತಿಯವಳಲ್ಲ ನಾನು.

ಅಪ್ಪ ಹೋದ ಮೇಲೆ ಅಂಗಡಿ ನನಗೆ ಬಂತು. ಟಿವಿ ರಿಪೇರಿ ಹೋಗಿ ಸಿಸಿ ಕ್ಯಾಮೆರಾ, ವೈಫೈ ಬಂತು. ಸಾಗರ, ಹೊಸನಗರದಿಂದಲೂ ಕರೆಯುತ್ತಾರೆ. ಏಣಿ ಹತ್ತುತ್ತೇನೆ, ಗೋಡೆ ಕೊರೆಯುತ್ತೇನೆ. ಹೆಂಗಸಾದ್ದರಿಂದ ಒಳಕೋಣೆಯವರೆಗೂ ಬಿಡುತ್ತಾರೆ, ಅದು ನನ್ನ ಕಸುಬಿನ ದೊಡ್ಡ ಬಲ. ನಾಲ್ಕು ವರ್ಷದ ಹಿಂದೆ ಒಂದು ದಿನ ಮೇಷ್ಟ್ರ ಫೋನು ಬಂತು.

"ವಸಂತೀ, ನಮ್ಮನೇಲಿ ಹಿಂದ್ಗಡೆ ನೆಟ್ಟೇ ಬರಲ್ಲ ಮಾರಾಯ್ತಿ. ಈಗ ಎಂಥದೋ ಮೆಶ್ ಅಂತ ಬಂದಿದ್ಯಂತಲ್ಲ? ನಿನ್ ಕೈಗುಣ ಚೆನ್ನಾಗಿದೆ ಅಂತ ಎಲ್ರೂ ಹೇಳ್ತಾರೆ."

ಕೈಗುಣ! ನನ್ನ ಕೈ ಹೊಗಳುತ್ತಿದ್ದರು, ಆ ಮನುಷ್ಯ. ತಾವು ಅಂದು ಏನು ಹೇಳಿದ್ದೆವೆಂಬುದು ಅವರಿಗೆ ನೆನಪೇ ಇಲ್ಲ. ನೆನಪಿಟ್ಟುಕೊಂಡು ಹೆದರಿದ್ದರೆ, ಒಂದಿಷ್ಟು ನಾಚಿದ್ದರೆ, ನಾನು ಬಹುಶಃ — ಇಲ್ಲ, ಆಗಲೂ ಬಿಡುತ್ತಿರಲಿಲ್ಲ.

ನಿಮ್ಮ ಮನೆಗೆ ಬಂದೆ. ಮುಂದಿನ ಹಾಲ್ ಹೊಸದು, ನಡುಮನೆ ಅಜ್ಜನ ಕಾಲದ ಕೆಂಪುಕಲ್ಲಿನದು, ಹಿಂದಿನ ಕೋಣೆ ಆಮೇಲೆ ಸೇರಿಸಿದ್ದು. ಮೇಷ್ಟ್ರು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ನಂಬರ್ ಹಾಕಿ ಬರೆದಿಟ್ಟುಕೊಂಡಿದ್ದರು. ನಾನು ವಿವರಿಸಿದೆ: ಒಂದೇ ರೌಟರ್ ಆದರೆ ದಪ್ಪ ಗೋಡೆ ದಾಟುವುದಿಲ್ಲ; ಮೆಶ್ ಎಂದರೆ ಎರಡು ಮೂರು ಡಬ್ಬಿ, ಒಂದು ಇನ್ನೊಂದಕ್ಕೆ ಸಿಗ್ನಲ್ ದಾಟಿಸುತ್ತದೆ. ಮೊಬೈಲ್ ಹಿಡಿದು ಮನೆಯೆಲ್ಲ ಅಳೆದೆ. ಹಿಂದಿನ ಕೋಣೆಗೆ ಬಂದಾಗ ಸಿಗ್ನಲ್ ಸತ್ತೇಹೋಯಿತು, ಮೊಬೈಲ್ ಟವರಿನದೂ ಅಲ್ಲಿಗೆ ತಲುಪುತ್ತಿರಲಿಲ್ಲ. ಅಲ್ಲೊಂದು ಮೇಜು, ಗೋಡೆ ತುಂಬ ಪುಸ್ತಕ. ಮೇಷ್ಟ್ರು ಓದುವ ಕೋಣೆ ಎಂದುಕೊಂಡೆ. ಇಲ್ಲಿ ಕೂತು ಒದ್ದಾಡಲಿ ಮುದುಕ. ನೆಟ್ಟು ಪೂರ್ತಿ ಬರಲೂಬಾರದು, ಪೂರ್ತಿ ನಿಲ್ಲಲೂಬಾರದು — ಹಾಗೆ ಮಾಡುತ್ತೇನೆ ಎಂದು ಆಗಲೇ ನಿಶ್ಚಯಿಸಿದೆ.

ಮೊದಲನೆಯ ಡಬ್ಬಿ ಮುಂದಿನ ಹಾಲ್‌ನಲ್ಲಿ ಇಟ್ಟೆ. ಎರಡನೆಯದನ್ನು ನಡುಮನೆಯಲ್ಲಿ, ಬೇಕೆಂದೇ ಸಿಗ್ನಲ್ ತಡೆಯುವ ಫ್ರಿಜ್ಜಿನ ಮಗ್ಗುಲಿಗೆ, ಅತಿ ದಪ್ಪ ಗೋಡೆಯ ಈಚೆಗೆ. ಗೋಡೆ ಕೊರೆಯುವಾಗ ಕೆಂಪು ಪುಡಿ ತಲೆ ಮೇಲೆ ಉದುರುತ್ತಿತ್ತು, ನಾನು ಒಳಗೊಳಗೇ ನಗುತ್ತಿದ್ದೆ. ಮೇಷ್ಟ್ರು ಹಾಳೆ ನೋಡಿ ಕೇಳಿದರು:

"ಮೂರನೇದು ಬೇಕಾಗ್ತದಾ, ಹೆಂಗೆ?"

ಈ ಪ್ರಶ್ನೆಗಾಗಿ ನಾನು ಇಪ್ಪತ್ತು ವರ್ಷ ಕಾದಿದ್ದೆನೇನೋ.

"ಎರಡು ಸಾಕು ಅನ್ಸುತ್ತೆ ಸಾರ್. ನೀವೇ ಯೋಚ್ನೆ ಮಾಡಿ."

ಅವರ ಮುಖ ನೋಡಿದೆ. ಒಂದು ಗೆರೆ ಕೂಡ ಅಲುಗಲಿಲ್ಲ. "ನೀನ್ ಹೇಳಿದ್ಮೇಲೆ ಮುಗೀತು" ಎಂದು ಹಾಳೆ ಮಡಿಸಿ ಜೇಬಿಗಿಟ್ಟರು. ಆ ದಿನ ಹಾಲು ಕುಡಿದಷ್ಟು ಸಂತೋಷ ನನಗೆ. ಅಂಗಡಿಗೆ ಬಂದು ಮೂರನೆಯ ಡಬ್ಬಿಯನ್ನು ಕಣ್ಣಿಗೆ ಬೀಳುವ ಹಾಗೆ ಎದುರಿನ ಶೆಲ್ಫಿನಲ್ಲೇ ಇಟ್ಟೆ. ಗಿರಾಕಿ ಇಲ್ಲದಾಗ ಅದನ್ನು ನೋಡುತ್ತ ಕೂರುತ್ತಿದ್ದೆ.

ಇಲ್ಲಿಗೇ ನಿಂತಿದ್ದರೆ ಇದು ಒಬ್ಬ ಹೆಂಗಸಿನ ಸಣ್ಣತನದ ಕಥೆಯಾಗುತ್ತಿತ್ತು. ನಿಲ್ಲಲಿಲ್ಲ.

ಹದಿನೈದು ದಿನಕ್ಕೆ ಮತ್ತೆ ಕರೆದರು. ಕುಣಿಯುತ್ತ ಬಂದೆ. ನೋಡಿದರೆ ಆ ಕೋಣೆ ಮೇಷ್ಟ್ರದ್ದಲ್ಲ, ನಿನ್ನದು. ಮೇಷ್ಟ್ರು ಇಡೀ ದಿನ ಕೂರುವುದು ಹಾಲಿನಲ್ಲಿ, ಮೊದಲನೆಯ ಡಬ್ಬಿಯ ಕೆಳಗೇ. ನಿಮ್ಮಮ್ಮ ನನ್ನನ್ನು ಅಡುಗೆಮನೆಗೆ ಕರೆದು ಕಾಫಿ ಕೊಟ್ಟು ಮೆಲ್ಲಗೆ ಹೇಳಿದರು:

"ಸಾಗರದ ಕಡೆ ಒಂದು ಸಂಬಂಧ ಬಂದದೆ ವಸಂತಿ. ಹುಡುಗಂಗೂ ಕಿವಿ ಕೇಳಲ್ಲ, ಪ್ರೆಸ್ಸಲ್ಲಿ ಕೆಲಸ. ಮೂರು ತಿಂಗಳು ವಿಡಿಯೋದಲ್ಲಿ ಮಾತಾಡ್ಕಳ್ಳಿ, ಆಮೇಲೆ ನೋಡೋಣ ಅಂದಾರೆ. ಇವಳಿಗೆ ಅವ್ನು ಭಾಳ ಹಿಡಿಸ್ಯಾನೆ. ಈ ನೆಟ್ಟೊಂದು ಸರಿ ಮಾಡಿಕೊಡು ಮಾರಾಯ್ತಿ."

ಆಗ ನೀನು ಬಂದೆ. ಮೊಬೈಲ್ ತೋರಿಸಿದೆ — ಅದರಲ್ಲಿ ಒಬ್ಬ ಹುಡುಗ, ಎತ್ತಿದ ಕೈ ಎತ್ತಿದಲ್ಲೇ ನಿಂತುಬಿಟ್ಟಿದ್ದ. ಒಂದು ಚೀಟಿಯಲ್ಲಿ ಬರೆದೆ: "ಅಕ್ಕ, ಮಾತು ಅರ್ಧಕ್ಕೆ ನಿಲ್ಲುತ್ತದೆ. ಅವರಿಗೆ ನಾನು ಎದ್ದು ಹೋದ ಹಾಗೆ ಕಾಣುತ್ತದಂತೆ." ಹಾಲಿನಲ್ಲಿ ಕೂತು ಮಾತಾಡಬಹುದಲ್ಲ ಎಂದು ಬರೆದೆ ನಾನು. ನೀನು ಹಾಲಿನ ಕಡೆ ನೋಡಿ ತಲೆಯಾಡಿಸಿದೆ. ಅಲ್ಲಿ ಮೇಷ್ಟ್ರು, ಅವರನ್ನು ಕಾಣಲು ಬಂದವರು, ಎಲ್ಲರ ಕಣ್ಣು. ಬೇರೆ ಹುಡುಗಿಯರು ಗುಟ್ಟಿನ ಮಾತಿಗೆ ದನಿ ತಗ್ಗಿಸುತ್ತಾರೆ. ಕೈಯಲ್ಲಿ ಆಡುವ ಮಾತನ್ನು ತಗ್ಗಿಸುವುದು ಹೇಗೆ? ನಿನಗೆ ಬಾಗಿಲಿರುವ ಒಂದು ಕೋಣೆ ಬೇಕಿತ್ತು. ಅದೇ ಕೋಣೆಯನ್ನು ನಾನು ಕತ್ತಲಲ್ಲಿಟ್ಟಿದ್ದೆ.

ಇದೆಲ್ಲ ನನಗೆ ಆ ಅಡುಗೆಮನೆಯಲ್ಲಿ ನಿಂತಾಗಲೇ ಅರ್ಥವಾಯಿತು, ಸಹನಾ. ಅರ್ಥವಾಗಲಿಲ್ಲ ಎಂದು ಮಾತ್ರ ನಾನು ಹೇಳಲಾರೆ.

ನೀನು ನನ್ನನ್ನು ನಿನ್ನ ಕೋಣೆಗೆ ಕರೆದುಕೊಂಡು ಹೋದೆ. ಅಷ್ಟರಲ್ಲಿ ಮೇಷ್ಟ್ರೂ ಅಲ್ಲಿಗೆ ಬಂದು ತಮ್ಮ ಮೊಬೈಲಿನಿಂದ ಯಾರಿಗೋ ನೆಟ್ಟಿನಲ್ಲೇ ಕರೆ ಮಾಡಿದರು. ಬರಿಯ ದನಿಗೆ ಎಷ್ಟು ಸಿಗ್ನಲ್ ಬೇಕು? ಹೇಗೋ ನುಸುಳಿ ಹೋಯಿತು. "ನಂಗೆ ಚೆನ್ನಾಗೇ ಕೇಳ್ತದಲ್ಲ! ಇವಳದ್ದೇ ಎಂಥದೋ" ಎಂದು ನನ್ನ ಕಡೆ ನೋಡಿದರು. ನೀನೂ ನೋಡಿದೆ. ನಮ್ಮ ಮೂವರ ನಡುವೆ ನಿಜ ಗೊತ್ತಿದ್ದವಳು ನಾನೊಬ್ಬಳೇ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ನನ್ನ ಕಣ್ಣ ಮುಂದೆ ನಿಂತದ್ದು ನೀನಲ್ಲ — ಜಗಲಿಯಲ್ಲಿ ಕಾಫಿ ಕುಡಿಯುತ್ತ ಕೂತ ಮೇಷ್ಟ್ರು, ಮುಖ ತಿರುಗಿಸಿದ ನನ್ನಮ್ಮ. ಇವರ ಮಗಳದ್ದೂ ಹಾಗೇ ಆಗಲಿ, ಆಗ ಗೊತ್ತಾಗುತ್ತದೆ ಎಂದುಕೊಂಡೆ. ಈ ಮಾತನ್ನೇ, ಇದೇ ಶಬ್ದಗಳಲ್ಲಿ ಅಂದುಕೊಂಡೆ.

"ಮೊಬೈಲಿಂದೇ ತೊಂದ್ರೆ ಸಾರ್" ಎಂದೆ. "ನೆಟ್ ಸರಿಯಾಗೇ ಅದೆ."

ಮೂರು ತಿಂಗಳೂ ತುಂಬಲಿಲ್ಲ. ಮೇಷ್ಟ್ರು ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತರು. "ಸಾಗರದೋರು ಬೇಡ ಅಂದ್ರು. ನಿಮ್ಮನೆ ನೆಟ್ಟಲ್ಲಿ ನಾವು ದೊಡ್ಡೋರು ಮಾತಾಡೋವಾಗ ಎಂತದೂ ಆಗಲ್ಲ, ನಿಮ್ ಹುಡುಗಿ ಮಾತ್ರ ನಡುವೆ ನಡುವೆ ಎದ್ದು ಹೋಗ್ತಾಳೆ, ಅವಳಿಗೆ ಮನಸ್ಸಿಲ್ಲ ಅಂದ್ರು" ಎಂದರು. ಮುಖ ಇಳಿದಿತ್ತು. ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳು ಹೇಳುವುದಿಲ್ಲ — ತಣ್ಣಗಾಯಿತು. ಅವರು ಎದ್ದು ಹೋದ ಮೇಲೆ ಎದುರಿನ ಹೋಟೆಲಿನಿಂದ ಬನ್ಸ್ ತರಿಸಿಕೊಂಡು ತಿಂದೆ.

ವಾರದ ನಂತರ ನೀನು ಒಬ್ಬಳೇ ಅಂಗಡಿಗೆ ಬಂದೆ. ಚೀಟಿ ಮನೆಯಲ್ಲೇ ಬರೆದು ತಂದಿದ್ದೆ: "ಅಕ್ಕ, ಮೊಬೈಲ್ ಸರಿ ಮಾಡಿಕೊಡಿ. ನೀವು ಹೇಳಿದಾಗಲೇ ತರಬೇಕಿತ್ತು, ನನ್ನದೇ ತಪ್ಪು." ಮೊಬೈಲ್ ತೆಗೆದುಕೊಂಡು ಏನೋ ಒತ್ತಿದ ಹಾಗೆ ಮಾಡಿ ವಾಪಸ್ ಕೊಟ್ಟೆ. ಪರೀಕ್ಷಿಸಲು ನೀನು ಯಾರೋ ಗೆಳತಿಗೆ ವಿಡಿಯೋ ಕರೆ ಮಾಡಿದೆ. ನನ್ನ ಅಂಗಡಿಯ ನೆಟ್ಟು, ಕೇಳಬೇಕೇ? ನಿನ್ನ ಕೈ, ಹುಬ್ಬು, ತುಟಿ ಎಲ್ಲ ಒಟ್ಟಿಗೆ ಹೊರಟವು. ಯಾವುದಕ್ಕೋ ನೀನು ಜೋರಾಗಿ ನಕ್ಕೆ. ನಿಮ್ಮ ಮನೆಯಲ್ಲಿ ನಿನ್ನನ್ನು ಕಂಡಾಗಲೆಲ್ಲ ನೀನು ತಲೆ ತಗ್ಗಿಸಿಯೇ ಇದ್ದೆ — ನೀನು ಇಷ್ಟು ವಾಚಾಳಿ ಎಂದು ನನಗೆ ಗೊತ್ತೇ ಇರಲಿಲ್ಲ. ನಾನು ಕತ್ತರಿಸಿ ಹಾಕಿದ್ದು ಏನನ್ನು ಎಂದು ಅಂದು ನೋಡಿದೆ. ಬೆಸುಗೆ ಕಡ್ಡಿ ಹಿಡಿದ ನನ್ನನ್ನು ನೋಡಿ ಅಪ್ಪ ಖುಷಿಪಡುತ್ತಿದ್ದುದೂ, ಯಾಕೋ, ನೆನಪಾಯಿತು.

ನೀನು ಚೀಟಿಯ ಹಿಂಬದಿಯಲ್ಲಿ ಬರೆದೆ: "ಇಲ್ಲಿ ಚೆನ್ನಾಗಿ ಬರುತ್ತಿದೆ! ಏನಾಗಿತ್ತು ಅಕ್ಕ?"

ಆಗಲಾದರೂ ಹೇಳಬಹುದಿತ್ತು. "ಮೊಬೈಲಲ್ಲೇ ಸಣ್ಣ ತೊಂದರೆ ಇತ್ತು. ಈಗ ಸರಿಯಾಯಿತು" ಎಂದು ಬರೆದು ಕೊಟ್ಟೆ. ನನ್ನ ಅಕ್ಷರ ಇರುವ ಆ ಚೀಟಿ ನಿನ್ನ ಹತ್ತಿರ ಇನ್ನೂ ಇದ್ದರೆ, ಈ ಕಾಗದದ ಜೊತೆಗೆ ಇಟ್ಟುಕೋ.

ಮಾರನೆಯ ದಿನ ಮೂರನೆಯ ಡಬ್ಬಿ ತಂದು ನಿನ್ನ ಕೋಣೆಯಲ್ಲಿ ಕೂರಿಸಿದೆ. ಕಂಪನಿಯವರು ಸುಮ್ಮನೆ ಕಳಿಸಿದ್ದು ಎಂದೆ. ಮೇಷ್ಟ್ರು ಅದನ್ನು ಊರೆಲ್ಲ ಹೇಳಿಕೊಂಡು ಬಂದರು — "ವಸಂತಿ ಅಂದ್ರೆ ಕಣ್ಮುಚ್ಚಿ ನಂಬಬೌದು." ಅವರ ಮಾತಿನಿಂದಲೇ ನನಗೆ ಎಷ್ಟೋ ಮನೆಯ ಕೆಲಸ ಸಿಕ್ಕಿತು. ಒಂದು ಕಾಲಕ್ಕೆ ನನ್ನನ್ನು ಮುಳುಗಿಸಿದ ನಾಲಿಗೆ ಈಗ ನನ್ನನ್ನು ತೇಲಿಸುತ್ತಿತ್ತು. ಎರಡು ಸಲವೂ ಅವರು ತಮಗೆ ಸರಿ ಕಂಡದ್ದನ್ನೇ ಹೇಳಿದ್ದರು. ಎರಡನೆಯ ಸಲ ಸುಳ್ಳಾಗಿದ್ದವಳು ನಾನು.

ನಾಲ್ಕು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಮೊನ್ನೆ ವೈಫೈ ಡಬ್ಬಿಯ ಬ್ಯಾಟರಿ ನೋಡಲು ನಿಮ್ಮ ಮನೆಗೆ ಬಂದಾಗ ನಿಮ್ಮಮ್ಮ ಹೇಳಿದರು: ಹೊಸದಾಗಿ ಯಾವ ಸಂಬಂಧ ಬಂದರೂ ನೀನು ಬೇಡ ಎನ್ನುತ್ತೀಯಂತೆ. ಕೇಳಿದರೆ, "ನನಗೆ ಜನರ ಜೊತೆ ಮಾತಾಡಲು ಬರುವುದಿಲ್ಲ, ಸಾಗರದವರೇ ಹೇಳಿದ್ದಾರಲ್ಲ" ಎಂದು ಬರೆದು ತೋರಿಸುತ್ತೀಯಂತೆ. ನಿಮ್ಮಮ್ಮ ಆ ಮಾತು ಹೇಳುವಾಗ ನಾನು ಏಣಿಯ ಮೇಲಿದ್ದೆ. ಬ್ಯಾಟರಿ ನೋಡುವುದನ್ನು ಅರ್ಧಕ್ಕೇ ಬಿಟ್ಟು ಇಳಿದೆ. ನಿನಗೆ ಮಾತು ಬರುವುದಿಲ್ಲವೇ — ನನ್ನ ಅಂಗಡಿಯಲ್ಲಿ ಅಷ್ಟು ಮಾತಾಡಿದವಳಿಗೆ! ನನ್ನಮ್ಮ ನನ್ನ ಕೈಯನ್ನು ದೂರಿದ ಹಾಗೆ ನೀನು ನಿನ್ನ ಕೈಯನ್ನು ದೂರುತ್ತಿದ್ದೀ. ಅದನ್ನು ಮಾಡಿದವಳು ನಾನು.

ನಿಮ್ಮಪ್ಪನನ್ನು ನಾನು ಕ್ಷಮಿಸಿಲ್ಲ. ಈ ಕಾಗದ ಬರೆದ ಮಾತ್ರಕ್ಕೆ ಕ್ಷಮಿಸುವುದೂ ಇಲ್ಲ. ಆದರೆ ಆ ಜಗಳ ಅವರದ್ದು ನನ್ನದು, ಅವರ ಎದುರು ನಿಂತೇ ಆಡಬೇಕಿತ್ತು. ಅವರ ಎದುರು ನಿಲ್ಲುವ ಧೈರ್ಯವಿಲ್ಲದೆ ನಿನ್ನ ಗೋಡೆಯ ಹಿಂದೆ ನಿಂತೆ. ನೀನು ನನ್ನನ್ನು ಕ್ಷಮಿಸಬೇಕೆಂದು ಕೇಳುವುದಿಲ್ಲ, ಕೇಳುವ ಮುಖವೂ ಇಲ್ಲ. ಸಾಗರದ ಹುಡುಗನಿಗೆ ಈಗ ಮದುವೆಯಾಗಿದೆಯಂತೆ. ಅವನಿಗೂ ನಿಜ ತಿಳಿಯಬೇಕೆಂದು ನಿನಗನ್ನಿಸಿದರೆ ಹೇಳು, ಅವನಿಗೂ ಬರೆದು ಕೊಡುತ್ತೇನೆ. ಅದನ್ನು ತೀರ್ಮಾನಿಸುವವಳು ನೀನು.

ನಾಳೆ ಅಂಗಡಿ ತೆರೆಯುವ ಮೊದಲು ಇದನ್ನು ನಿನ್ನ ಕೈಗೇ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರುತ್ತೇನೆ. ನಿನ್ನ ಕೈ ಏನೇನು ಬೈದರೂ ನನಗೆ ತಿಳಿಯುವುದಿಲ್ಲ, ಆದರೂ ಮುಖ ತಿರುಗಿಸುವುದಿಲ್ಲ.

ಇನ್ನೊಂದು ಮಾತು. ನನ್ನ ಕಸುಬು ನಡೆಯುವುದು ಒಂದು ಮನೆಯವರು ಇನ್ನೊಂದು ಮನೆಯವರಿಗೆ ಹೇಳುವ ಮಾತಿನ ಮೇಲೆ. ನಿಮ್ಮ ಮನೆಗೂ ವಿಚಾರಿಸಲು ಬಂದೇ ಬರುತ್ತಾರೆ — ವಸಂತಿ ಹೇಗೆ, ಒಳಕೋಣೆಯವರೆಗೂ ಬಿಡಬಹುದಾ ಎಂದು. ಆಗ ಈ ಕಾಗದವನ್ನು ಅವರ ಕೈಗೆ ಕೊಡು. ನೀವೇ ಯೋಚನೆ ಮಾಡಿ ಎಂದು ಮಾತ್ರ ಬರೆಯಬೇಡ.