ಪೂಜೆಯ ದಿನದ ಖಾಲಿ ತೂತುಗಳು

ಎರಡು ಸಾವಿರದ ನಂತರದ ಯಾವುದೋ ವರ್ಷ. ಹಿರಿಯೂರಿನ ಹೊರಗೆ ಒಂದು ಸೂರ್ಯಕಾಂತಿ ಎಣ್ಣೆ ಮಿಲ್ಲಿಗೆ ಹೊಸ ಯಂತ್ರಗಳು ಬಂದಿದ್ದವು. ಅವನ್ನೆಲ್ಲ ಆಫೀಸಿನ ಕಂಪ್ಯೂಟರಿಗೆ ಬೆಸೆಯುವ ಈಥರ್ನೆಟ್ ಸ್ವಿಚ್ಚನ್ನು, ಅಂದರೆ ಕೇಬಲ್ಲು ಚುಚ್ಚುವ ಸಾಲು ತೂತುಗಳ ಪುಟ್ಟ ಡಬ್ಬಿಯನ್ನು, ಜೋಡಿಸುವುದು ನನ್ನ ಕೆಲಸ. ಅಂದು ಶುಕ್ರವಾರ ಎಂದು ನೆನಪು. ಹತ್ತೂವರೆಗೆ ರಾಹುಕಾಲ ಎಂದು ಎಲ್ಲರೂ ಗಡಿಬಿಡಿ ಮಾಡುತ್ತಿದ್ದುದರಿಂದ ಶುಕ್ರವಾರವೇ ಇರಬೇಕು. ಅಷ್ಟರೊಳಗೆ ಮಿಲ್ಲು ಶುರುವಾಗದಿದ್ದರೆ ಹನ್ನೆರಡರ ಮೇಲೆಯೇ. ಹಾಗಾದರೆ ನನಗೆ ಬಸ್ಸು ತಪ್ಪುತ್ತಿತ್ತು. ಮಧ್ಯಾಹ್ನ ಹೊಳಲ್ಕೆರೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ. ಹಿಂದಿನ ಸಲ ಇಂಥದ್ದೇ ಕೆಲಸ ಬಿದ್ದು ಹೋಗಲಾಗಿರಲಿಲ್ಲ. ಈ ಸಲವೂ ಬರದಿದ್ದರೆ ಸಂಬಂಧವೇ ಬೇಡ ಎಂದಿದ್ದರು ಹೆಣ್ಣಿನ ಕಡೆಯವರು.

ಸ್ವಿಚ್ಚನ್ನು ಹಿಂದಿನ ದಿನವೇ ಪ್ಯಾನೆಲ್ಲಿನ ಪಟ್ಟಿಗೆ ಸಿಕ್ಕಿಸಿ, ಕರೆಂಟಿನ ವೈರು, ಅರ್ತಿಂಗ್ ಬಿಗಿದು, ಯಂತ್ರಗಳ ಕೇಬಲ್ಲು ಚುಚ್ಚಿ ಪರೀಕ್ಷಿಸಿದ್ದೆ. ಬೆಳಿಗ್ಗೆ ಬಂದರೆ ಪ್ಯಾನೆಲ್ಲಿಗೆ ವಿಭೂತಿ, ಕುಂಕುಮ, ಸೇವಂತಿಗೆ. ಕರೆಂಟು ಕೊಟ್ಟೆ. ಸ್ವಿಚ್ಚಿನ ಹಸಿರು ದೀಪಗಳೆಲ್ಲ ಹುಚ್ಚೆದ್ದು ಮಿಣುಕತೊಡಗಿದವು.

“ಎಷ್ಟು ಚೆಂದ ಐತೆ ನೋಡ್ರಿ, ದೀಪಾವಳಿ ಇದ್ದಂಗೆ,” ಎಂದು ಮಾಲೀಕರ ತಾಯಿ ಮಿಲ್ಲು ಶುರುಮಾಡುವ ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಕಂಪ್ಯೂಟರಿಗೆ ಒಂದು ಯಂತ್ರವೂ ಕಾಣುತ್ತಿರಲಿಲ್ಲ.

ಹಿಂದಿನ ದಿನ ಪರೀಕ್ಷಿಸಿದ್ದೇ ಸುಳ್ಳಿರಬಹುದೇ ಎಂದು ನನಗೆ ಅನುಮಾನ. ಒಂದೊಂದೇ ಕೇಬಲ್ಲು ಹಿಡಿದು ನೋಡುತ್ತಾ ಹೋದೆ. ನಾನು ಖಾಲಿ ಬಿಟ್ಟಿದ್ದ ಎರಡು ತೂತುಗಳಲ್ಲಿ ಒಂದು ಗಿಡ್ಡ ಕೇಬಲ್ಲಿನ ಎರಡೂ ತುದಿಗಳು ಕೂತಿದ್ದವು, ತೋರಣದ ಹಾಗೆ.

“ಇದ್ಯಾರು ಹಾಕಿದ್ದು?”

“ನಾನೇ ಸಾರ್,” ಎಂದರು ಮಿಲ್ಲಿನ ಹಿರಿಯ ಫಿಟ್ಟರು. “ಪೂಜೆ ದಿನ ಏನೂ ಬರಿದಾಗಿರಬಾರ್ದು ಅಂತ. ಖಾಲಿ ಡಬ್ಬಕ್ಕೂ ಒಂಚೂರು ಎಣ್ಣೆ ಬಿಟ್ಟೀನಿ.”

“ಒಂದು ತೂತಿಂದ ಹೋದ ಮಾತು ಇನ್ನೊಂದರಾಗೆ ವಾಪಸ್ ಬಂದು ಅಲ್ಲೇ ಸುತ್ತತೈತೆ ಯಜಮಾನ್ರೆ. ಬೇರೆ ಮಾತಿಗೆ ಜಾಗ ಇಲ್ಲ.”

“ನಮ್ಮ ಪಂಚಾಯ್ತಿ ಮೀಟಿಂಗ್ ಇದ್ದಂಗೆ ಅನ್ರಿ.”

ಕೇಬಲ್ಲು ಕಿತ್ತೆ. ತೂತು ಖಾಲಿ ಬಿಡಲು ಮಾಲೀಕರ ತಾಯಿ ಒಪ್ಪಲಿಲ್ಲ. ರಬ್ಬರು ಮುಚ್ಚಳ ಹಾಕಿದೆ. ಅದರ ಮೇಲೂ ಕುಂಕುಮವಿಟ್ಟು ಮತ್ತೆ ಗುಂಡಿ ಒತ್ತಿದರು. ಯಂತ್ರ ತಿರುಗಿತು. ಹತ್ತೂವರೆ ಆಗಿತ್ತೋ ಇಲ್ಲವೋ ಹೇಳಲಾರೆ, ಫಿಟ್ಟರು ಗೋಡೆ ಗಡಿಯಾರಕ್ಕೆ ಅಡ್ಡ ನಿಂತಿದ್ದರು.

ಬಸ್ಸು ಸಿಕ್ಕಿತು. ಹೊಳಲ್ಕೆರೆಗೆ ತುಸು ತಡವಾಗಿಯೇ ತಲುಪಿ, ಹೆಣ್ಣಿನ ತಂದೆಗೆ ಇದನ್ನೆಲ್ಲ ವಿವರಿಸಿದೆ. ಒಳಗಿನಿಂದ ಯಾರೋ ಕಿಸಕ್ಕನೆ ನಕ್ಕರು. ಆ ನಗು ಕೇಳಿಯೇ ನಾನು ಒಪ್ಪಿದ್ದು.

“ನಕ್ಕಿದ್ದು ನನ್ನ ತಂಗಿ ಕಣ್ರಿ,” ಎನ್ನುತ್ತಾಳೆ ಹೆಂಡತಿ. “ನಾನು ನಿಮಗೋಸ್ಕರ ಉಪ್ಪಿಟ್ಟು ಬಿಸಿ ಮಾಡ್ತಿದ್ದೆ.”