ಮೇಡಂ ಹಿಡಿದ ಗೆರೆ

ಮೊನ್ನೆ ಬಂಗಾರಪೇಟೆಯ ಮೊಬೈಲ್ ರಿಪೇರಿ ಅಂಗಡಿಯೊಂದರ ಮುಂದೆ ಹಾದುಹೋಗುತ್ತಿದ್ದೆ. ಒಳಗೆ ಯಾರೋ ಬೆಸುಗೆ ಹಾಕುತ್ತಿದ್ದರು. ರಾಳ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ಕೆಜಿಎಫ್‌ನ ನಮ್ಮ ಕಾರ್ಖಾನೆಯ ಟೆಸ್ಟಿಂಗ್ ರೂಮು, ಅಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಮೇಡಂ ಕಣ್ಮುಂದೆ ಬಂದರು.

ಮೇಡಂ ಧಾರವಾಡದವರು, ನನಗಿಂತ ಹಿರಿಯ ಎಂಜಿನಿಯರ್. ಡಬ್ಬಿ ತೆರೆದರೆ ರೊಟ್ಟಿಯ ಮೊದಲ ತುಂಡು ನನಗೆ. ಕೆಟ್ಟುಹೋದ ಯಂತ್ರಗಳ ಜೊತೆಗೂ, ಹಟ ಹಿಡಿದ ಮಕ್ಕಳನ್ನು ರಮಿಸುವ ಹಾಗೆ ಮಾತಾಡುತ್ತಿದ್ದರು...

ಒಂದು ವರ್ಷ ನಾವು ಕಟ್ಟುತ್ತಿದ್ದ ಕ್ರೇನಿನ ಕಂಟ್ರೋಲ್ ಪೆಟ್ಟಿಗೆ ಕಾಟ ಕೊಡತೊಡಗಿತು. ನೆಟ್ಟಗೆ ನಡೆಯುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತು, ಮತ್ತೆ ತಾನೇ ಶುರುವಾಗುತ್ತಿತ್ತು. ವೈರಿಂಗ್ ಸಡಿಲ ಎಂದರು ಮ್ಯಾನೇಜರು. ಅದನ್ನು ಮಾಡಿದ್ದ ವೈರ್‌ಮ್ಯಾನ್‌ನನ್ನು ತೆಗೆದುಹಾಕುವ ಮಾತು ಎದ್ದಿತು. ಆತ ಬಂದು ಬಾಗಿಲಲ್ಲಿ ನಿಂತ.

"ಒಂದೊಂದು ವೈರೂ ಎಳ್ದು ನೋಡಿದೀನಿ ಮೇಡಂ. ನನ್ ಕೆಲ್ಸ ಓಗ್ತದೆ."

"ಕುಂದರ್ರಿ ಮೊದಲ. ನೋಡೂಣು," ಎಂದರು ಮೇಡಂ.

ಆಗಷ್ಟೇ ನಮಗೆ ಡಿಜಿಟಲ್ ಸ್ಟೋರೇಜ್ ಆಸಿಲೋಸ್ಕೋಪ್ ಬಂದಿತ್ತು. ವಿದ್ಯುತ್ತಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ. ಹಳೆಯದರಲ್ಲಿ ಒಮ್ಮೆ ಬಂದುಹೋಗುವ ಗೆರೆ ಕಣ್ಣಿಗೆ ಸಿಗುವ ಮೊದಲೇ ಅಳಿಸಿಹೋಗುತ್ತಿತ್ತು. ಹೊಸದು ಅದನ್ನು ಹಿಡಿದಿಟ್ಟುಕೊಳ್ಳುತ್ತಿತ್ತು, ಅದಕ್ಕೂ ಸ್ವಲ್ಪ ಮುಂಚೆ ನಡೆದದ್ದನ್ನೂ. ಮೇಡಂ ಪೆಟ್ಟಿಗೆಯ ಸಪ್ಲೈಗೆ ಯಂತ್ರದ ಒಂದು ಪ್ರೋಬ್ ತಂತಿ, ಬ್ರೇಕನ್ನು ನಡೆಸುವ ರಿಲೇ ಸ್ವಿಚ್ಚಿಗೆ ಇನ್ನೊಂದು ಸಿಕ್ಕಿಸಿದರು. ವೋಲ್ಟೇಜು ಮಿತಿ ದಾಟಿದರೆ ಹಿಡಿಯುವಂತೆ ಟ್ರಿಗರ್ ಇಟ್ಟು ಕುಳಿತರು. ಊಟದ ಗಂಟೆ ಹೊಡೆಯಿತು. ಏಳಲಿಲ್ಲ. "ಬಾರವಾ, ಒಮ್ಮೆ ಬಾ," ಎಂದು ಖಾಲಿ ಪರದೆಗೆ ಹೇಳುತ್ತಿದ್ದರು.

ಶಿಫ್ಟ್ ಮುಗಿಯುವ ಹೊತ್ತಿಗೆ ಪೆಟ್ಟಿಗೆ ನಿಂತಿತು. ಪರದೆಯ ಮೇಲೆ ಸೂಜಿಯಂಥ ಗೆರೆಯೊಂದು ಎದ್ದು ನಿಂತಿತ್ತು. ಅಳೆದರೆ ಕೆಲವೇ ಮೈಕ್ರೋಸೆಕೆಂಡು. ರಿಲೇ ಆಫ್ ಆದ ಕ್ಷಣಕ್ಕೆ ಸರಿಯಾಗಿ ಎದ್ದು ಪೆಟ್ಟಿಗೆಯನ್ನು ನಿಲ್ಲಿಸಿತ್ತು. ಅಂಥ ಹೊಡೆತವನ್ನು ನುಂಗಲು ರಿಲೇಯ ಸುರುಳಿಗೆ ಪುಟ್ಟ ಡಯೋಡ್ ಒಂದಿರಬೇಕಿತ್ತು. ಪೆಟ್ಟಿಗೆಯ ಸರ್ಕಿಟ್ ನಕ್ಷೆಯಲ್ಲೇ ಅದು ಇರಲಿಲ್ಲ.

ಆ ನಕ್ಷೆ ಬರೆದವರು ಮೇಡಂ.

ಪರದೆಯ ಗೆರೆಯನ್ನೂ ನಕ್ಷೆಯನ್ನೂ ಮತ್ತೊಮ್ಮೆ ತಾಳೆ ನೋಡಿದರು. ಬಡ್ತಿಗೆ ಅವರ ಹೆಸರು ಮೇಲೆ ಹೋಗಿದ್ದ ಸಮಯ ಅದು. ಆಮೇಲೆ ಎದ್ದು, ವೈರ್‌ಮ್ಯಾನ್‌ನನ್ನು ಕರೆದುಕೊಂಡು ಮ್ಯಾನೇಜರ ಹತ್ತಿರ ಹೋದರು. ನಾನೂ ಹೋದೆ.

"ಇವರ ತಪ್ಪಲ್ರಿ ಸರ್, ನಕ್ಷಾದ್ದು. ಅದನ್ನ ಬರದಾಕಿ ನಾನ."

ಡಯೋಡ್ ಹಾಕಿದ ಮೇಲೆ ಪೆಟ್ಟಿಗೆ ನಿಲ್ಲಲಿಲ್ಲ. ವೈರ್‌ಮ್ಯಾನ್‌ನ ಕೆಲಸ ಉಳಿಯಿತು. ಬಡ್ತಿ ಆ ಸಲ ಬೇರೆಯವರಿಗೆ ಹೋಯಿತು. ನಾನು ಪೇಚಾಡಿಕೊಂಡರೆ ಮೇಡಂ, "ಬಿಡ್ರೀ, ಸಿಕ್ತಲ್ಲ ಅದು!" ಎಂದು ಕಣ್ಣರಳಿಸಿ ನಗುತ್ತಿದ್ದರು.

ನಿವೃತ್ತರಾಗಿ ಊರಿಗೆ ಹೋದ ಮೇಡಂ ಹೋದ ತಿಂಗಳು ತೀರಿಕೊಂಡರು. ವೈರ್‌ಮ್ಯಾನ್‌ಗೆ ಇನ್ನೂ ಹೇಳಿರಲಿಲ್ಲ. ಆತನ ಮನೆ ಬಂಗಾರಪೇಟೆಯಲ್ಲೇ. ಮೊನ್ನೆ ಆ ಅಂಗಡಿಯಿಂದ ಸೀದಾ ಅಲ್ಲಿಗೇ ಹೋದೆ.

ಸುದ್ದಿ ಕೇಳಿ ಆತ ನನಗೆ ಕುರ್ಚಿ ಎಳೆದು ಹಾಕಿ, ತಾನು ಹೊಸ್ತಿಲ ಮೇಲೆ ಕೂತ.

"ನನ್ ಮಗಳ ಮದ್ವೆಗೆ ಅಷ್ಟು ದೂರದಿಂದ ಬಂದಿದ್ರು ಕಣಮ್ಮ. ನಾನೇ ಟೇಸನ್‌ಗೋಗಿ ರೈಲತ್ತಿಸ್ದೆ. ಮೊಮ್ಮಗು ಆದಾಗ ಹೇಳಿ, ಬತ್ತೀನಿ ಅಂದಿದ್ರು..."

ಒಳಗಿನಿಂದ ಮಗಳು ಎಳೆಗೂಸನ್ನು ಎತ್ತಿಕೊಂಡು ಬಂದಳು. ಹೆಣ್ಣು ಮಗು. ಹೇಳೋಣವೆಂದರೆ ಮೇಡಂ ಇರಲಿಲ್ಲ. ನಾವಿಬ್ಬರೂ ಅದರ ಮುಖ ನೋಡುತ್ತಾ ಕುಳಿತೆವು.